ಹಾಲು ಬಿಡಿಸಿದರೂ ಮಗ್ಗುಲು ಬಿಡಿಸದವರು

ಜಂಗಮಕೋಟೆಯ ಸುತ್ತಿನ ಹಳ್ಳಿಗಳಲ್ಲಿ ನಡುರಾತ್ರಿಯ ಹೊತ್ತಿಗೆ ಯಾವುದಾದರೂ ಮನೆಯಲ್ಲಿ ದೀಪ ಉರಿಯುತ್ತಿದ್ದರೆ ಅದು ಬಹುಮಟ್ಟಿಗೆ ಹುಳು ಸಾಕುವ ಮನೆ. ರೇಷ್ಮೆಹುಳು ನಾಲ್ಕನೆಯ ಜ್ವರದಿಂದ ಎದ್ದು ಕೊನೆಯ ಹಂತಕ್ಕೆ ಬಂತೆಂದರೆ ಅದರ ಹಸಿವಿಗೆ ಹೊತ್ತುಗೊತ್ತು ಇರುವುದಿಲ್ಲ. ಇಡೀ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಐದರಲ್ಲಿ ನಾಲ್ಕು ಪಾಲನ್ನು ಅದು ಆ ಕೊನೆಯ ವಾರದಲ್ಲೇ ತಿಂದು ಮುಗಿಸುತ್ತದೆ. ಮಲಗುವ ಮುನ್ನ ಒಮ್ಮೆ, ನಸುಕಿನಲ್ಲಿ ಇನ್ನೊಮ್ಮೆ ತಟ್ಟೆಗೆ ಸೊಪ್ಪು ಬೀಳಲೇಬೇಕು. ಸಾವಿರಾರು ಹುಳು ಒಟ್ಟಿಗೆ ಮೇಯುವ ಸದ್ದು ಹೊರಗೆ ಜಿನುಗು ಮಳೆ ಹಿಡಿದಂತೆ ಕೇಳಿಸುತ್ತದೆ.

ಆ ಹೊತ್ತಿನಲ್ಲಿ ಎದ್ದು ಸೊಪ್ಪು ಹಾಕುವವಳು ಹೆಚ್ಚಾಗಿ ಮನೆಯ ಸೊಸೆ. ಅವಳ ಚಾಪೆಯ ಮೇಲೆ ಒಂದೂವರೆ, ಎರಡು ವರ್ಷದ ಕೂಸು ಮಲಗಿದ್ದರೆ ಅದಕ್ಕೂ ಆಗಲೇ ಎಚ್ಚರ. ಪಕ್ಕದಲ್ಲಿ ತಾಯಿ ಇಲ್ಲ, ಹಾಲಿಲ್ಲ. ಕೂಸು ರಾಗ ತೆಗೆಯುತ್ತದೆ. ಸೊಪ್ಪು ಹಿಡಿದ ಕೈಯನ್ನೇ ಒರೆಸಿಕೊಂಡು ತಾಯಿ ಓಡಿ ಬರುತ್ತಾಳೆ. ಇದು ರಾತ್ರಿಗೆ ಮೂರು ನಾಲ್ಕು ಬಾರಿ ನಡೆದರೆ ಹಗಲು ಹೊಲ, ಒಲೆ, ದನ ಎಂದು ದುಡಿಯುವ ಹೆಣ್ಣಿಗೆ ನಿದ್ದೆ ಎಲ್ಲಿಂದ ಬರಬೇಕು? ‘ಸಾಕಮ್ಮ, ಇನ್ನು ರಾತ್ರಿ ಹಾಲು ಬಿಡಿಸೋಣ’ ಎಂದು ಮನೆಯ ಹಿರಿಯಳು ಹೇಳುವ ದಿನ ಬರುವುದು ಹೀಗೆ.

ಬಿಡಿಸುವುದಾದರೂ ಹೇಗೆ? ನೋಡಲು ಇದು ಸಣ್ಣ ಪ್ರಶ್ನೆ. ರಾಜರ ಯುದ್ಧಗಳನ್ನು ಬರೆದಿಟ್ಟ ಶಾಸನಗಳಲ್ಲಿ ಇದರ ಸುದ್ದಿ ಸಿಕ್ಕುವುದಿಲ್ಲ. ಆದರೆ ವೈದ್ಯಗ್ರಂಥಗಳಲ್ಲಿ, ಧರ್ಮಗ್ರಂಥಗಳಲ್ಲಿ, ನಾಟಕದಲ್ಲಿ, ನಮ್ಮ ಹಸುವಿನ ಕಥೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ತಲೆಹಾಕುತ್ತದೆ. ಅವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ರಾತ್ರಿಯ ಮಗುವಿಗೆ ಬೇಕಾಗಿರುವುದು ಒಂದಲ್ಲ, ಎರಡು: ಹಾಲು ಮತ್ತು ಮಗ್ಗುಲು. ಒಂದನ್ನು ಬಿಡಿಸುವಾಗ ಇನ್ನೊಂದನ್ನು ಉಳಿಸಿಕೊಟ್ಟವರು ಗೆದ್ದಿದ್ದಾರೆ. ಎರಡನ್ನೂ ಒಟ್ಟಿಗೆ ಕಿತ್ತುಕೊಂಡ ಕಡೆ ಮಗುವೂ ಸೋತಿದೆ, ತಾಯಿಯೂ ಸೋತಿದ್ದಾಳೆ.

ಮಾತಿನೊಳಗಿನ ಮರ್ಮ

ಮೊದಲು ಮಾತನ್ನೇ ನೋಡೋಣ. ಕನ್ನಡದಲ್ಲಿ ನಾವು ‘ಹಾಲು ಬಿಡಿಸುವುದು’, ‘ಮೊಲೆ ಬಿಡಿಸುವುದು’ ಎನ್ನುತ್ತೇವೆ. ಶಿಡ್ಲಘಟ್ಟ, ಚಿಂತಾಮಣಿಯ ಕಡೆ ಮನೆಮಾತು ತೆಲುಗಾಗಿರುವವರೂ ಬಹಳ. ಅವರು ‘ಪಾಲು ಮಾನ್ಪಿಂಚಡಂ’ ಎನ್ನುತ್ತಾರೆ, ಅಂದರೆ ಹಾಲನ್ನು ನಿಲ್ಲಿಸುವುದು. ಇಂಗ್ಲಿಷಿನ ‘ವೀನಿಂಗ್’ ಎಂಬ ಪದದ ಹಳೆಯ ಅರ್ಥ ಮಾತ್ರ ಬೇರೆ. ಅದರ ಮೂಲದಲ್ಲಿರುವುದು ಬಿಡಿಸುವುದಲ್ಲ, ರೂಢಿ ಮಾಡಿಸುವುದು. ಹಳೆಯದನ್ನು ತಪ್ಪಿಸುವುದಕ್ಕಿಂತ ಹೊಸದಕ್ಕೆ ಒಗ್ಗಿಸುವುದು ಅಲ್ಲಿ ಮುಖ್ಯ.

ನಮ್ಮ ‘ಬಿಡಿಸು’ವಿನಲ್ಲೂ ಒಂದು ವಿವೇಕ ಇಲ್ಲದಿಲ್ಲ. ರೇಷ್ಮೆ ಸೀಮೆಯವರಿಗೆ ‘ಗೂಡು ಬಿಡಿಸುವುದು’ ಎಂದರೆ ಚಂದ್ರಿಕೆಯಿಂದ ಗೂಡನ್ನು ಬಿಡಿಸಿ ತೆಗೆಯುವುದು. ಹುಳು ಗೂಡು ಕಟ್ಟಲು ತೊಡಗಿದ ಮೇಲೆ ಐದಾರು ದಿನ ಕಾಯಬೇಕು. ಒಳಗಿನ ಹುಳು ಕೋಶವಾಗಿ ಗಟ್ಟಿಯಾಗುವ ಮುನ್ನ ಆತುರದಿಂದ ಕಿತ್ತರೆ ಒಳಗೇ ಒಡೆದು ಗೂಡು ಕಲೆಯಾಗುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಬಿಡಿಸುವುದಕ್ಕೂ ದಿನ ಬರಬೇಕು ಎಂಬುದು ಈ ಸೀಮೆಯಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾದ ಪಾಠವಲ್ಲ.

ಹಿಂದಿನವರು ಹೇಳಿದ್ದು

ಸುಮಾರು ಏಳನೆಯ ಶತಮಾನದ ವಾಗ್ಭಟನ ‘ಅಷ್ಟಾಂಗಹೃದಯ’ ದಕ್ಷಿಣ ಭಾರತದ ವೈದ್ಯರ ಮನೆಗಳಲ್ಲಿ ತಲೆತಲಾಂತರ ಓದಿಸಿಕೊಂಡು ಬಂದ ಗ್ರಂಥ. ಅದರ ಉತ್ತರಸ್ಥಾನದ ಮೊದಲ ಅಧ್ಯಾಯ ಶಿಶುಪಾಲನೆಗೇ ಮೀಸಲು. ಹಲ್ಲು ಮೂಡಿದ ಮಗುವನ್ನು ಮೊಲೆಯಿಂದ ಬಿಡಿಸುವ ಮಾತು ಅಲ್ಲಿ ಬರುತ್ತದೆ. ಅದನ್ನು ಕ್ರಮಕ್ರಮವಾಗಿ ಮಾಡಬೇಕು ಎಂಬ ಸೂಚನೆಯೊಡನೆಯೇ ಬರುತ್ತದೆ. ಹಾಲು ಬಿಡಿಸಿದ ಮಗುವನ್ನು ಸಂತೋಷಪಡಿಸಲು ಒಂದು ಸಿಹಿ ಉಂಡೆಯನ್ನೂ ವಾಗ್ಭಟ ಹೇಳುತ್ತಾನೆ: ಚಾರೋಳಿಯ ತಿರುಳು, ಜ್ಯೇಷ್ಠಮಧು, ಜೇನು, ಅರಳು, ಕಲ್ಲುಸಕ್ಕರೆ. (ಒಂದು ವರ್ಷ ತುಂಬದ ಮಗುವಿಗೆ ಜೇನು ಕೂಡದು ಎನ್ನುವುದು ಇಂದಿನ ವೈದ್ಯರ ಮಾತು.) ಕಸಿದುಕೊಂಡ ಕಡೆ ಏನನ್ನಾದರೂ ಕೊಡಬೇಕು ಎಂಬ ತಿಳಿವಳಿಕೆ ಆ ಉಂಡೆಯಲ್ಲಿದೆ. ಮಕ್ಕಳ ವೈದ್ಯಕ್ಕೇ ಮೀಸಲಾದ ‘ಕಾಶ್ಯಪ ಸಂಹಿತೆ’ ಇನ್ನೂ ನಿಧಾನಿ. ಆರನೆಯ ತಿಂಗಳಲ್ಲಿ ಹಣ್ಣಿನ ರುಚಿ, ಧಾನ್ಯದ ಊಟ ಹತ್ತನೆಯ ತಿಂಗಳಿಗೆ ಎನ್ನುತ್ತದೆ.

ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆಯಲ್ಲಿ ಬಹುಕಾಲದಿಂದ ತೊಡಗಿರುವ ಮುಸ್ಲಿಂ ಕುಟುಂಬಗಳಿಗೆ ಇನ್ನೊಂದು ಮೂಲವಿದೆ. ಕುರ್‌ಆನಿನ ಎರಡನೆಯ ಅಧ್ಯಾಯದ 233ನೆಯ ವಚನ ತಾಯಂದಿರು ಪೂರ್ಣ ಎರಡು ವರ್ಷ ಹಾಲೂಡಿಸುವ ಮಾತನ್ನು ಹೇಳುತ್ತದೆ. ಅದಕ್ಕೂ ಮೊದಲೇ ಬಿಡಿಸಬೇಕೆಂದರೆ ತಂದೆ ತಾಯಿ ಇಬ್ಬರೂ ಮಾತಾಡಿಕೊಂಡು, ಒಪ್ಪಿ ಬಿಡಿಸಿದರೆ ದೋಷವಿಲ್ಲ ಎನ್ನುತ್ತದೆ. ಹಾಲು ತಾಯಿಯದಾದರೂ ಬಿಡಿಸುವ ತೀರ್ಮಾನ ಇಬ್ಬರದು ಎಂಬುದು ಗಮನಿಸಬೇಕಾದ ಸಂಗತಿ. ಬೈಬಲ್ಲಿನ ಆದಿಕಾಂಡದಲ್ಲಿ ಇಸಾಕನು ಮೊಲೆ ಬಿಟ್ಟ ದಿನ ತಂದೆ ಅಬ್ರಹಾಮನು ದೊಡ್ಡ ಔತಣವನ್ನೇ ಮಾಡಿಸಿದ. ಅಂದರೆ ಹಾಲು ಬಿಟ್ಟ ಮಗು ಸೋತ ಮಗುವಲ್ಲ, ಒಂದು ಮೆಟ್ಟಿಲು ಹತ್ತಿದ ಮಗು.

ಇಂದು ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ, ಆಮೇಲೆ ಬೇರೆ ಆಹಾರದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಮೇಲೆ ಎದೆಹಾಲು ಎಂದು ಸಲಹೆ ಮಾಡುತ್ತದೆ. ಎರಡು ವರ್ಷ ತುಂಬಿದ ಕೂಸು ಇನ್ನೂ ಸೆರಗು ಹಿಡಿದರೆ ‘ಅಯ್ಯೋ, ಇಷ್ಟು ದೊಡ್ಡದಾದರೂ’ ಎಂದು ನಗುವವರು ಈ ಲೆಕ್ಕವನ್ನು ಒಮ್ಮೆ ನೋಡುವುದು ಒಳ್ಳೆಯದು.

ಬೇವಿನ ಕಹಿ

ಗ್ರಂಥಗಳು ಏನೇ ಹೇಳಲಿ, ಕೆಲಸದ ಒತ್ತಡದಲ್ಲಿ ಹಟ್ಟಿಗಳು ಹಿಡಿದ ದಾರಿ ಇನ್ನೊಂದು. ಬೇವಿನ ಸೊಪ್ಪನ್ನು ಅರೆದು ಮೊಲೆತೊಟ್ಟಿಗೆ ಹಚ್ಚುವುದು, ಲೋಳೆಸರದ ರಸ ಸವರುವುದು, ಕಾಡಿಗೆ ಬಳಿದು ‘ಗುಮ್ಮ ಬಂತು’ ಎಂದು ಹೆದರಿಸುವುದು. ಇವು ನಮ್ಮ ಕಡೆ ಯಾರಿಗೂ ಹೊಸದಲ್ಲ. ನಮ್ಮಲ್ಲಿ ಮಾತ್ರ ಇದ್ದ ಉಪಾಯವೂ ಅಲ್ಲ. 1590ರ ದಶಕದಲ್ಲಿ ಶೇಕ್ಸ್‌ಪಿಯರ್ ಬರೆದ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದಲ್ಲಿ ಜೂಲಿಯೆಟ್ಟಳ ದಾದಿ ತಾನು ಆ ಹುಡುಗಿಗೆ ಹಾಲು ಬಿಡಿಸಿದ ದಿನವನ್ನು ನೆನೆಯುತ್ತಾಳೆ. ಆಕೆ ಹಚ್ಚಿಕೊಂಡದ್ದು ನಮ್ಮ ದವನದ ದಾಯಾದಿಯಾದ ಒಂದು ಕಹಿ ಗಿಡವನ್ನು. ಆಗ ಜೂಲಿಯೆಟ್ಟಳಿಗೆ ಮೂರು ವರ್ಷದ ಹತ್ತಿರ. ಕಹಿ ತಗುಲಿದ ಕೂಸು ಮುನಿಸಿಕೊಂಡ ಬಗೆಯನ್ನು ದಾದಿ ನಗುತ್ತ ಹೇಳುತ್ತಾಳೆ.

ಕಹಿಯ ಉಪಾಯ ಕೆಲವು ಮಕ್ಕಳಲ್ಲಿ ಒಂದೇ ದಿನಕ್ಕೆ ಕೆಲಸ ಮಾಡುತ್ತದೆ, ನಿಜ. ಆದರೆ ಮಗುವಿನ ಕಡೆಯಿಂದ ಯೋಚಿಸಿದರೆ ಅದರಲ್ಲೊಂದು ಮೋಸವಿದೆ. ನಿನ್ನೆಯವರೆಗೆ ಅಮೃತವಾಗಿದ್ದದ್ದು ಇಂದು ಹೇಳದೆ ಕೇಳದೆ ವಿಷದಂತಾಗಿದೆ. ಮೊಲೆಗೆ ವಿಷ ಹಚ್ಚಿಕೊಂಡು ಬಂದ ಪೂತನಿಯ ಕಥೆ ನಮ್ಮ ಜನಕ್ಕೆ ಅಷ್ಟೊಂದು ಭಯಂಕರವಾಗಿ ಕಂಡದ್ದು ಏಕೆ? ಹೊಯ್ಸಳ ದೇಗುಲಗಳ ಭಾಗವತ ಪಟ್ಟಿಕೆಗಳಲ್ಲಿ ಶಿಲ್ಪಿಗಳು ಅದನ್ನು ಮತ್ತೆ ಮತ್ತೆ ಕಡೆದದ್ದು ಏಕೆ? ರಾಕ್ಷಸಿ ಖಡ್ಗ ಹಿಡಿದು ಬಂದಿದ್ದರೆ ಅದು ಮಾಮೂಲು ಕಥೆಯಾಗುತ್ತಿತ್ತು. ಹಾಲೇ ಕೈಕೊಟ್ಟರೆ ನಂಬುವುದು ಯಾರನ್ನು ಎಂಬುದೇ ಅಲ್ಲಿನ ಭಯ. ಬೇವು ಹಚ್ಚಿದ ತಾಯಿ ಪೂತನಿಯಲ್ಲ. ಅವಳಿಗೆ ಬೇರೆ ದಾರಿ ಕಾಣದೆ ಹೋಗಿರುತ್ತದೆ, ಅಷ್ಟೆ. ಆದರೆ ಕತ್ತಲಲ್ಲಿ ತಡವರಿಸುವ ಕೂಸಿಗೆ ಆ ವ್ಯತ್ಯಾಸವನ್ನು ತಿಳಿಸಿ ಹೇಳುವವರು ಯಾರು?

ಪುಣ್ಯಕೋಟಿಯ ಕರು ಕೇಳಿದ್ದು

ಇದಕ್ಕೆ ಉತ್ತರ ನಮ್ಮ ಗೋವಿನ ಹಾಡಿನಲ್ಲಿದೆ. ಪುಣ್ಯಕೋಟಿಯ ಕಥೆಯನ್ನು ನಾವು ಸತ್ಯದ ಕಥೆಯೆಂದೇ ಓದಿದ್ದೇವೆ, ಶಾಲೆಯಲ್ಲಿ ಹಾಗೆಯೇ ಕಲಿತಿದ್ದೇವೆ. ಆದರೆ ಅದು ಹಾಲು ಬಿಡಿಸುವ ಕಥೆಯೂ ಹೌದು. ಕೊಟ್ಟ ಮಾತಿನಂತೆ ಹುಲಿಯ ಬಳಿಗೆ ಹಿಂದಿರುಗುವ ಮುನ್ನ ಹಸು ಕರುವಿಗೆ ಕೊನೆಯ ಬಾರಿ ಹಾಲೂಡಿಸಲು ಬರುತ್ತದೆ. ಆಗ ಕರು ತಾಯಿಯನ್ನು ಕೇಳುವುದು ಹಾಲಿನ ಬಗ್ಗೆ ಮಾತ್ರವಲ್ಲ, ಯಾರ ಪಕ್ಕದಲ್ಲಿ ಮಲಗಬೇಕು ಎಂಬುದನ್ನೂ ಕೇಳುತ್ತದೆ. ಹಾಲು ಬೇರೆ, ಮಗ್ಗುಲು ಬೇರೆ, ಎರಡೂ ಬೇಕು ಎಂಬುದನ್ನು ಆ ಹಾಡು ಕಟ್ಟಿದವರು ಬಲ್ಲವರಾಗಿದ್ದರು.

ತಾಯಿಹಸು ಮಾಡುವುದೇನು? ಕರುವನ್ನು ಅಕ್ಕತಂಗಿಯರಂಥ ಹಸುಗಳ ಕೈಗೆ ಒಪ್ಪಿಸುತ್ತದೆ. ಅವು ಅದನ್ನು ತಮ್ಮದೆಂದೇ ನೋಡಿಕೊಳ್ಳುವುದಾಗಿ ಮಾತು ಕೊಡುತ್ತವೆ. ಹಾಲು ನಿಲ್ಲಬಹುದು, ಮಗ್ಗುಲು ಬರಿದಾಗಬಾರದು. ನಮ್ಮ ಕೂಡುಕುಟುಂಬಗಳು ರಾತ್ರಿ ಹಾಲು ಬಿಡಿಸಿದ್ದು ಸರಿಯಾಗಿ ಇದೇ ಕ್ರಮದಲ್ಲಿ. ಮಗುವನ್ನು ಬೇರೆ ಕೋಣೆಗೆ ಹಾಕಿ ಬಾಗಿಲು ಮುಚ್ಚಲಿಲ್ಲ. ಹಾಗೆ ಮುಚ್ಚಲು ಎಷ್ಟೋ ಮನೆಗಳಲ್ಲಿ ಎರಡನೆಯ ಕೋಣೆಯೂ ಇರಲಿಲ್ಲ. ಮಗು ತಾಯಿಯ ಮಗ್ಗುಲಿನಿಂದ ಅಜ್ಜಿಯ ಮಗ್ಗುಲಿಗೆ ಹೋಯಿತು. ನಡುರಾತ್ರಿ ಎಚ್ಚರವಾದರೆ ಅಲ್ಲೂ ಒಂದು ಮೈಯ ಬಿಸಿ, ಬೆನ್ನು ತಟ್ಟುವ ಕೈ, ಒಂದು ಗುಟುಕು ನೀರು, ನಿದ್ದೆಗಣ್ಣಿನಲ್ಲೇ ಗುನುಗುವ ಲಾಲಿ. ನಾಲ್ಕಾರು ರಾತ್ರಿ ಅಳು ಇದ್ದೇ ಇರುತ್ತಿತ್ತು. ಆದರೆ ಒಂಟಿಯಾಗಿ ಅತ್ತ ಅಳುವಿಗೂ ತೋಳಿನಲ್ಲಿ ಅತ್ತ ಅಳುವಿಗೂ ಅಂತರ ದೊಡ್ಡದು.

ತಟ್ಟನೆ ಬಿಡಿಸಿದರೆ

ಹೀಗೆ ನಿಧಾನಿಸಲು ಎಲ್ಲರಿಗೂ ಕಾಲ ಕೂಡಿಬರುತ್ತಿರಲಿಲ್ಲ. ತಾಯಿ ಮತ್ತೆ ಬಸುರಾದರೆ ‘ಬಸುರಿ ಹಾಲು ಕೂಡದು’ ಎಂದು ಆ ದಿನವೇ ಮಗುವನ್ನು ದೂರ ಮಾಡುವುದು ರೂಢಿಯಾಗಿತ್ತು. ಗರ್ಭಿಣಿಯ ಹಾಲು ಕುಡಿದ ಮಗುವಿಗೆ ಬರುವ ‘ಪಾರಿಗರ್ಭಿಕ’ ಎಂಬ ಕಾಯಿಲೆಯನ್ನು ಆಯುರ್ವೇದ ಹೆಸರಿಸುತ್ತದೆ: ಮೈ ಸೊರಗುತ್ತದೆ, ಹೊಟ್ಟೆ ಉಬ್ಬುತ್ತದೆ, ಊಟ ಸೇರುವುದಿಲ್ಲ.

ಇದೇ ಬಗೆಯ ಮಕ್ಕಳನ್ನು 1930ರ ದಶಕದಲ್ಲಿ ಆಫ್ರಿಕಾದ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಕಂಡವರು ಡಾ. ಸಿಸಿಲಿ ವಿಲಿಯಮ್ಸ್. ಅಲ್ಲಿಯ ಗಾ ಭಾಷೆಯ ತಾಯಂದಿರು ಆ ಕಾಯಿಲೆಗೆ ‘ಕ್ವಾಶಿಯೋರ್ಕರ್’ ಎನ್ನುತ್ತಿದ್ದರು. ಹೊಸ ಕೂಸು ಬಂದಾಗ ತನ್ನ ಜಾಗ ಕಳೆದುಕೊಂಡ ಮಗುವಿನ ಬೇನೆ ಎಂದು ಅದರ ಅರ್ಥ. 1933ರಲ್ಲಿ ಅವರು ಕಾಯಿಲೆಯನ್ನು ವಿವರಿಸಿದರು, 1935ರಲ್ಲಿ ಆ ಹೆಸರಿನಿಂದಲೇ ಅದನ್ನು ವೈದ್ಯಲೋಕಕ್ಕೆ ಪರಿಚಯಿಸಿದರು. ತಪ್ಪು ಬಸುರಿಯ ಹಾಲಿನದ್ದಲ್ಲ. ಹಾಲು ತಪ್ಪಿದ ಮೇಲೆ ಮಗುವಿನ ತಟ್ಟೆಗೆ ಬಿದ್ದದ್ದು ಬರೀ ಜೋಳದ ಗಂಜಿ ಎಂಬುದು ಅವರು ತೋರಿಸಿಕೊಟ್ಟ ಸತ್ಯ. ಕ್ವಾಶಿಯೋರ್ಕರ್‌ಗೆ ಬೇರೆ ಕಾರಣಗಳೂ ಇವೆ ಎಂದು ಈಗ ತಿಳಿದಿದೆ. ಆದರೂ ಹಾಲಿನ ಜಾಗವನ್ನು ತುಂಬುವಂಥ ಊಟ ಸಿದ್ಧವಾಗದೆ ಹಾಲು ಬಿಡಿಸಬಾರದು ಎಂಬ ಪಾಠ ಹಳತಾಗಿಲ್ಲ.

ರಾಗಿ ಸರಿಯ ಆಸರೆ

ಈ ವಿಷಯದಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಬಯಲುಸೀಮೆಗೆ ಒಂದು ಭಾಗ್ಯವಿತ್ತು, ಅದು ರಾಗಿ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ ತೆಗೆದ ಹಿಟ್ಟಿನ ಸರಿಯನ್ನು ತಿನ್ನದೆ ಬೆಳೆದವರು ಈ ಸೀಮೆಯಲ್ಲಿ ವಿರಳ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಬೇರಾವ ಧಾನ್ಯವೂ ಇದರ ಹತ್ತಿರ ಸುಳಿಯದು.

ಮೊಳಕೆ ಬರಿಸುವುದು ಏಕೆ? 1980ರ ದಶಕದಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಎನ್. ಜಿ. ಮಲ್ಲೇಶಿ, ಎಚ್. ಎಸ್. ಆರ್. ದೇಶಿಕಾಚಾರ್ ಮುಂತಾದವರು ಮೊಳಕೆ ರಾಗಿ, ಹೆಸರುಕಾಳು ಬೆರೆಸಿದ ಶಿಶು ಆಹಾರವನ್ನು ರೂಪಿಸಿದಾಗ ಇದಕ್ಕೆ ಲೆಕ್ಕಬದ್ಧ ಉತ್ತರ ಸಿಕ್ಕಿತು. ಮೊಳೆತಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುತ್ತವೆ. ಆದ್ದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ಗಟ್ಟಿಯಾಗದೆ ತೆಳುವಾಗಿಯೇ ಉಳಿಯುತ್ತದೆ. ಮಗುವಿನ ಸಣ್ಣ ಹೊಟ್ಟೆಗೆ ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಪುಷ್ಟಿ ಇಳಿಯುತ್ತದೆ. ಅಜ್ಜಿಯರು ಅಳೆದು ನೋಡಿರಲಿಲ್ಲ, ಆದರೆ ಕಂಡುಕೊಂಡಿದ್ದರು. ಸಂಜೆಯ ಬಟ್ಟಲು ತುಂಬಿದ್ದರೆ ರಾತ್ರಿಯ ಹಸಿವು ಅರ್ಧ ಕಡಿಮೆಯಾಗುತ್ತದೆ. ಉಳಿಯುವುದು ಮಗ್ಗುಲಿನ ಹಸಿವು. ಅದಕ್ಕೆ ಅಜ್ಜಿ ಇದ್ದಳು.

ತಾಯಿಯ ಮೈಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹಾಲು ತರಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಾತ್ರಿಯ ಹೊತ್ತು ಹೆಚ್ಚು. ಹಾಗಾಗಿ ರಾತ್ರಿಯ ಹಾಲನ್ನು ದಿಢೀರನೆ ನಿಲ್ಲಿಸಿದರೆ ಎದೆ ಬಿಗಿದು ನೋವು, ಕೆಲವೊಮ್ಮೆ ಜ್ವರ. ಒಂದೊಂದೇ ಸರದಿಯನ್ನು ಬಿಡಿಸುತ್ತ ಬಂದರೆ ಮೈ ತಾನೇ ಹೊಂದಿಕೊಳ್ಳುತ್ತದೆ. ದಕ್ಷಿಣ ಭಾರತದಲ್ಲಿ ಎದೆಯ ಮೇಲೆ ಮಲ್ಲಿಗೆ ಹೂ ಕಟ್ಟಿಕೊಂಡು ಹಾಲು ಇಂಗಿಸುವ ಪದ್ಧತಿ ಹಿಂದಿನಿಂದ ಬಂದದ್ದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಇದನ್ನು ಹೆರಿಗೆಯಾದ ತಾಯಂದಿರಲ್ಲಿ ಪರೀಕ್ಷಿಸಿ 1988ರಲ್ಲಿ ಪ್ರಕಟಿಸಿದರು. ಹಾಲು ನಿಲ್ಲಿಸಲು ಆಗ ಕೊಡುತ್ತಿದ್ದ ಮಾತ್ರೆಗೆ ಮಲ್ಲಿಗೆ ಸರಿಸಾಟಿಯಾಗಿ ಕೆಲಸ ಮಾಡಿತ್ತು.

ಗಡಿಯಾರ ಮತ್ತು ಡಬ್ಬಿ

ಇಪ್ಪತ್ತನೆಯ ಶತಮಾನದಲ್ಲಿ ಬೇರೊಂದು ಗಾಳಿ ಬೀಸಿತು. ಅಮೆರಿಕದ ಎಮ್ಮೆಟ್ ಹೋಲ್ಟ್ 1894ರಲ್ಲಿ ಬರೆದ ಶಿಶುಪಾಲನೆಯ ಕೈಪಿಡಿ, ನ್ಯೂಜಿಲೆಂಡಿನಲ್ಲಿ ಟ್ರೂಬಿ ಕಿಂಗ್ 1907ರಲ್ಲಿ ಹುಟ್ಟುಹಾಕಿದ ಸಂಘ, ಇವೆರಡೂ ಗಡಿಯಾರ ನೋಡಿ ಹಾಲು ಕೊಡಬೇಕೆಂದವು. ನಾಲ್ಕು ಗಂಟೆಗೊಮ್ಮೆ ಹಾಲು, ರಾತ್ರಿ ಹಾಲಿಲ್ಲ, ಮಗುವಿಗೆ ಪ್ರತ್ಯೇಕ ಮಂಚ ಎಂಬುದು ಕಿಂಗ್ ಅವರ ಶಿಸ್ತು. ಅಲ್ಲಿ ಹಾಲಿನ ಜೊತೆಗೇ ಮಗ್ಗುಲೂ ಹೋಯಿತು. ಇಂಗ್ಲಿಷ್ ಓದಿದ ನಮ್ಮ ಮನೆಗಳಿಗೂ ಈ ವಿಚಾರಗಳು ಬಂದು, ತಾಯಿಯ ಪಕ್ಕ ಮಗು ಮಲಗುವುದು ಹಿಂದುಳಿದ ಪದ್ಧತಿ ಎಂಬ ಭಾವನೆ ಬೆಳೆಯಿತು.

ಬೆನ್ನಿಗೇ ಡಬ್ಬಿಯ ಹಾಲು ಬಂತು. ಕ್ವಾಶಿಯೋರ್ಕರ್ ಗುರುತಿಸಿದ ಅದೇ ಸಿಸಿಲಿ ವಿಲಿಯಮ್ಸ್ 1939ರಲ್ಲಿ ಸಿಂಗಪುರದಲ್ಲಿ ಭಾಷಣ ಮಾಡುತ್ತ, ಸಿಹಿಹಾಲಿನ ಡಬ್ಬಿಯನ್ನು ಶಿಶು ಆಹಾರವೆಂದು ಮಾರುವುದನ್ನು ಕೊಲೆಗೆ ಹೋಲಿಸಿದ್ದರು. ನಮ್ಮ ಸಂಸತ್ತು ಹಾಲಿನ ಪುಡಿ, ಬಾಟಲಿಗಳ ಜಾಹೀರಾತನ್ನು ನಿಷೇಧಿಸುವ ಕಾಯಿದೆ ಮಾಡಿದ್ದು 1992ರಲ್ಲಿ.

ದುಡಿಯುವ ತಾಯಂದಿರ ಪಾಡು ಇನ್ನೂ ಕಷ್ಟದ್ದು. ಮುಂಬಯಿಯ ಗಿರಣಿಗಳ ಹೆಣ್ಣುಮಕ್ಕಳು ಕೂಸನ್ನು ಮಲಗಿಸಲು ಅಫೀಮು ಕೊಡುತ್ತಿದ್ದುದನ್ನು 1931ರ ರಾಯಲ್ ಕಾರ್ಮಿಕ ಆಯೋಗದ ವರದಿ ದಾಖಲಿಸಿದೆ. 1961ರ ಹೆರಿಗೆ ಸೌಲಭ್ಯ ಕಾಯಿದೆ ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವನ್ನು ಕೊಟ್ಟಿತು. 2017ರ ತಿದ್ದುಪಡಿ ರಜೆಯನ್ನು 26 ವಾರಕ್ಕೆ ಏರಿಸಿತು. ಆದರೆ ಸ್ವಂತ ಮನೆಯಲ್ಲಿ ಹುಳು ಮೇಯಿಸುವವಳಿಗೆ, ನಸುಕಿನಲ್ಲೇ ಬಿಸಿನೀರಿನ ಬಾಣಲೆಯ ಮುಂದೆ ಕೂತು ಗೂಡಿನಿಂದ ನೂಲೆಳೆಯುವವಳಿಗೆ ಯಾವ ಕಾಯಿದೆ ಯಾವ ರಜೆ ಕೊಟ್ಟೀತು?

ಅಜ್ಜಿಯಿಲ್ಲದ ಮನೆಯಲ್ಲಿ

ಈಗ ಮನೆಗಳು ಸಣ್ಣವಾಗಿವೆ. ಜಂಗಮಕೋಟೆಯ ಹುಡುಗಿ ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದಾಳೆ, ಅಜ್ಜಿ ಊರಿನಲ್ಲಿದ್ದಾಳೆ. ರಾತ್ರಿ ಎರಡು ಗಂಟೆಗೆ ಮಗು ಎದ್ದರೆ ಪಕ್ಕದಲ್ಲಿರುವ ಕೈ ತಾಯಿಯದು ಮಾತ್ರ. ಅವಳಿಗೆ ಎರಡೇ ದಾರಿ ಎಂಬಂತಾಗಿದೆ: ಬೆಳಗಿನವರೆಗೂ ಹಾಲೂಡಿಸು, ಇಲ್ಲವೇ ಮಗುವನ್ನು ಒಂಟಿಯಾಗಿ ಅಳಲು ಬಿಡು.

ಮೂರನೆಯ ದಾರಿಯನ್ನು ಹೊರಗಿನವರೂ ಹುಡುಕಿದ್ದಾರೆ. ಪಕ್ಕದಲ್ಲೇ ಮಲಗುವ, ಒಂದು ವರ್ಷ ದಾಟಿದ ಮಕ್ಕಳಿಗಾಗಿ ಅಮೆರಿಕದ ಮಕ್ಕಳ ವೈದ್ಯ ಜೇ ಗಾರ್ಡನ್ ಹತ್ತು ರಾತ್ರಿಗಳ ಕ್ರಮವೊಂದನ್ನು ಸೂಚಿಸಿದರು. ಮನೆಯವರಿಗೆ ನಿದ್ದೆ ಬೇಕಾದ ಏಳು ಗಂಟೆಗಳನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಆ ಅವಧಿಯಲ್ಲಿ ಮೊದಲ ಮೂರು ರಾತ್ರಿ ಸ್ವಲ್ಪವೇ ಹಾಲು ಕೊಟ್ಟು, ನಿದ್ದೆ ಹತ್ತುವ ಮುನ್ನ ಬಿಡಿಸಿ ತಟ್ಟಿ ಮಲಗಿಸುವುದು. ಮುಂದಿನ ಮೂರು ರಾತ್ರಿ ಹಾಲಿಲ್ಲ, ಎತ್ತಿ ಅಪ್ಪಿಕೊಳ್ಳುವುದು ಮಾತ್ರ. ಆಮೇಲೆ ಎತ್ತಿಕೊಳ್ಳದೆ ಬರೀ ತಟ್ಟುವುದು, ಮಾತಾಡುವುದು. ಅಷ್ಟು ರಾತ್ರಿಯೂ ಯಾರಾದರೊಬ್ಬರು ಪಕ್ಕದಲ್ಲಿ ಇದ್ದೇ ಇರುತ್ತಾರೆ. ಇದನ್ನು ಓದಿದ ನಮ್ಮ ಕಡೆಯ ಯಾವ ಮುದುಕಿಯಾದರೂ ‘ಇದರಲ್ಲಿ ಹೊಸದೇನಿದೆ’ ಎಂದು ಕೇಳಿಯಾಳು.

ಹಾಗಿದ್ದರೂ ಹೊಸದೊಂದು ಬೇಕಾಗಿದೆ. ಅಜ್ಜಿಯ ಜಾಗ ಖಾಲಿಯಿದೆ. ಅಲ್ಲಿ ಬಂದು ಮಲಗಬೇಕಾದವನು ಅಪ್ಪ. ಹಾಲಿನ ವಾಸನೆ ಇಲ್ಲದ ಮೈ, ಮಗುವಿಗೆ ಗುರುತಿರುವ ದನಿ, ತಟ್ಟಲು ಬಿಡುವಿರುವ ಕೈ ಅವನದು. ಹಾಲೂಡಿಸಲು ಆಗದ ಗಂಡಸು ಹಾಲು ಬಿಡಿಸುವ ಕೆಲಸಕ್ಕೆ ತಾಯಿಗಿಂತ ಅನುಕೂಲಸ್ಥ. ಮಗುವಿಗೆ ಒಂದು ವರ್ಷ ತುಂಬಿ, ಹಗಲು ಚೆನ್ನಾಗಿ ಉಣ್ಣುತ್ತಿದ್ದು, ಕಾಯಿಲೆಯ ದಿನಗಳಲ್ಲದಿದ್ದರೆ ಸಾಮಾನ್ಯವಾಗಿ ಅದು ರಾತ್ರಿಯ ಹಾಲಿಲ್ಲದೆ ಇರಬಲ್ಲದು ಎನ್ನುತ್ತಾರೆ ವೈದ್ಯರು. ಬಿಡಿಸಲೇಬೇಕು ಎಂದೇನೂ ಇಲ್ಲ. ತಾಯಿಗೆ ತ್ರಾಣವಿದ್ದರೆ ಮಗು ತಾನಾಗಿ ಬಿಡುವವರೆಗೆ ಕಾಯಬಹುದು. ಬಿಡಿಸುವುದೇ ಆದರೆ ಸಂಜೆ ಒಂದು ಬಟ್ಟಲು ಸರಿ, ಕೆಲವು ರಾತ್ರಿಗಳ ತಾಳ್ಮೆ, ಬರಿದಾಗದ ಒಂದು ಮಗ್ಗುಲು, ಇಷ್ಟು ಸಾಕು.

ಹುಳುವಿನ ಮನೆಯಲ್ಲಿ ತಾಯಿ ಸೊಪ್ಪು ಹಾಕಿ ಬರುವಷ್ಟರಲ್ಲಿ ಕೂಸು ಅಪ್ಪನ ತೋಳಿನ ಮೇಲೆ ಮತ್ತೆ ನಿದ್ದೆ ಹೋಗಿದ್ದರೆ, ಆ ರಾತ್ರಿ ಅವಳಿಗೂ ಎರಡು ಗಳಿಗೆ ಹೆಚ್ಚು ನಿದ್ದೆ ಸಿಕ್ಕೀತು.